ಟ್ರಾವೆಲರ್

ಟ್ರಾವೆಲರ್ ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ, ವೈಜ್ಞಾನಿಕ ಕಥಾಲೋಕದ ರೋಲ್‌ಪ್ಲೇಯಿಂಗ್ ಆಟ. ಮಾರ್ಕ್ ಮಿಲ್ಲರ್ ರೂಪಿಸಿದ ಇದನ್ನು ಅಮೆರಿಕದ ಇಲಿನಾಯ್ ರಾಜ್ಯದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ 1977ರಲ್ಲಿ ಹೊರತಂದಿತು. ಪುಟ್ಟ ಕಪ್ಪು ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಕ. ಪೆಟ್ಟಿಗೆಯ ಮೇಲೆ ಚಿತ್ರವಿಲ್ಲ. ದಾಳಿಗೆ ಸಿಕ್ಕ ಬೇವುಲ್ಫ್ ಎಂಬ ವ್ಯಾಪಾರಿ ನೌಕೆಯ ಮೊರೆ ಮಾತ್ರ ಅಚ್ಚಾಗಿತ್ತು.

1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಪಾತ್ರ ಏನೂ ಅರಿಯದ ಹುಡುಗನಾಗಿ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಬಲಿಯುತ್ತದೆ. ಇಲ್ಲಿ ತಿರುವುಮುರುವು: ಆಟ ಶುರುವಾಗುವಾಗ ಪಾತ್ರ ನೌಕರಿ ಮುಗಿಸಿ ಹೊರಬಿದ್ದಿರುತ್ತದೆ. ಬಲ, ಚುರುಕು, ತ್ರಾಣ, ಬುದ್ಧಿ, ಓದು, ಸಾಮಾಜಿಕ ಸ್ಥಾನ ಎಂಬ ಆರು ಗುಣಗಳಿಗೂ ಎರಡೆರಡು ದಾಳ ಉರುಳಿಸಬೇಕು. 7ಎ5ಸಿ83 ಎಂದು ಬಂದರೆ (ಎ ಎಂದರೆ 10, ಸಿ ಎಂದರೆ 12) ಆಳು ಚುರುಕು, ಬುದ್ಧಿ ಹರಿತ, ತ್ರಾಣ ಕಮ್ಮಿ, ಹುಟ್ಟಿದ್ದು ಬಡ ಮನೆಯಲ್ಲಿ. ಆರೇ ಅಂಕಿಯಲ್ಲಿ ಒಂದು ಜಾತಕ.

ಹದಿನೆಂಟಕ್ಕೆ ಈತ ಸೇನೆಯನ್ನೋ ವ್ಯಾಪಾರಿ ನೌಕೆಯನ್ನೋ ಅನ್ವೇಷಣೆಯ ಸ್ಕೌಟ್ ಪಡೆಯನ್ನೋ ಸೇರುತ್ತಾನೆ. ನಾಲ್ಕು ವರ್ಷಕ್ಕೊಂದು ಅವಧಿ. ಪ್ರತಿ ಅವಧಿಗೂ ಜೀವ ಉಳಿಯಿತೇ ಎಂದು ದಾಳ ಕೇಳಬೇಕು. ಸ್ಕೌಟ್‌ಗೆ ಎರಡು ದಾಳ ಸೇರಿ 7 ಅಥವಾ ಹೆಚ್ಚು ಬೀಳಲೇಬೇಕು, ಅಂದರೆ ಮೂವತ್ತಾರರಲ್ಲಿ ಹದಿನೈದು ಸಲ ಸಾವು. ತ್ರಾಣ 9 ಅಥವಾ ಹೆಚ್ಚು ಇದ್ದವರಿಗೆ ರಿಯಾಯಿತಿ ಉಂಟು, ನಮ್ಮ ಆಳಿಗಿಲ್ಲ. ಆದರೂ ಆಟಗಾರರು ಅತ್ತ ಹೋಗಲು ಕಾರಣವಿದೆ: ನಿವೃತ್ತಿಯ ಸೌಲಭ್ಯಗಳಲ್ಲಿ ಬಳಕೆಗೆ ಒಂದು ಹಳೆಯ ನೌಕೆಯೂ ಸಿಗಬಹುದು. ಇನ್ನೊಂದು ಅವಧಿಗೆ ಆಸೆಪಟ್ಟರೆ ಕೌಶಲ ಕೂಡುತ್ತದೆ, ವಯಸ್ಸೂ ಏರುತ್ತದೆ. 34ರಿಂದ ಮೈ ಸೋಲತೊಡಗುತ್ತದೆ. ಆಟಕ್ಕೆ ಮುನ್ನವೇ ನಾಯಕ ಸಾಯುವ ಈ ನಿಯಮ ಎಷ್ಟೋ ಜನರಿಗೆ ಹುಚ್ಚಾಟವೆನಿಸಿತು. 2008ರ ಬ್ರಿಟಿಷ್ ಆವೃತ್ತಿಯಲ್ಲಿ ಮಾಂಗೂಸ್ ಪಬ್ಲಿಷಿಂಗ್ ಸಾವಿನ ಜಾಗದಲ್ಲಿ ಅವಘಡಗಳ ಪಟ್ಟಿ ಇಟ್ಟಿತು. ಅದು ಹೆಚ್ಚು ಕತೆ ಕೊಡುತ್ತದೆ, ನಿಜ. ಆದರೆ ದಾಳ ಕೈಯಲ್ಲಿ ಹಿಡಿದಾಗಿನ ಆ ಅಳುಕು ಹೋಯಿತು.

ಮೊದಲ ಪುಸ್ತಕಗಳಲ್ಲಿ ಸಿದ್ಧ ಲೋಕವಿರಲಿಲ್ಲ. ಮೂರನೇ ಸಾಮ್ರಾಜ್ಯವೆಂಬ ಹಿನ್ನೆಲೆ ಆಮೇಲೆ ಬೆಳೆದದ್ದು. ಅದರ ಗಡಿನಾಡಾದ ಸ್ಪಿನ್‌ವರ್ಡ್ ಮಾರ್ಚಸ್‌ನ ಕೈಪಿಡಿ ಬಂದದ್ದು 1979ರಲ್ಲಿ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯಲು ಸುಮಾರು ಒಂದು ವಾರ ಬೇಕು, ಸುದ್ದಿಯೂ ನೌಕೆಯಲ್ಲೇ ಸಾಗಬೇಕು. ರಾಜಧಾನಿಯ ಅಪ್ಪಣೆ ತಲುಪುವಷ್ಟರಲ್ಲಿ ಗಡಿಯಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ.

ಈ ಆಟದ ನಿಜವಾದ ರಾಕ್ಷಸ ಸಾಲದ ಕಂತು. 200 ಟನ್ನಿನ ವ್ಯಾಪಾರಿ ನೌಕೆಗೆ ಬೆಲೆಯ ಐದನೇ ಒಂದು ಭಾಗ ಮುಂಗಡ. ಆಮೇಲೆ ತಿಂಗಳಿಗೆ ಬೆಲೆಯ 240ನೇ ಒಂದು ಭಾಗದಂತೆ 480 ತಿಂಗಳು, ಬರೋಬ್ಬರಿ ನಲವತ್ತು ವರ್ಷ. ಸರಕು ತುಂಬದಿದ್ದರೆ ಕಂತು ತಪ್ಪುತ್ತದೆ, ಕಂತು ತಪ್ಪಿದರೆ ಕಳ್ಳಸಾಗಣೆಯ ಮಾತು ಮೆಲ್ಲಗೆ ಮೇಜಿಗೆ ಬರುತ್ತದೆ. ಲೆಕ್ಕದ ಪುಸ್ತಕವೇ ಸಾಹಸಕ್ಕೆ ತಳ್ಳುವ ಬೇರೊಂದು ಆಟ ಸಿಗುವುದು ಕಷ್ಟ.

ಪ್ರಯಾಣಿಕರೂ ಆದಾಯವೇ. ಮೇಲ್ದರ್ಜೆಗೆ 10,000 ಕ್ರೆಡಿಟ್ (ಆ ಲೋಕದ ಹಣ). ಹಿಮನಿದ್ರೆಯ ಪೆಟ್ಟಿಗೆಯಲ್ಲಿ ಮಲಗಿ ಹೋಗಲು 1,000. ಇಳಿಯುವಾಗ ದಾಳದಲ್ಲಿ 5 ಅಥವಾ ಹೆಚ್ಚು ಬಿದ್ದರೆ ಮಲಗಿದವನು ಏಳುತ್ತಾನೆ, ತ್ರಾಣ ಕಮ್ಮಿಯಿದ್ದರೆ ಇನ್ನೊಂದು ಹೆಚ್ಚು ಬೀಳಬೇಕು. ಇ. ಸಿ. ಟಬ್ ಅವರ ಡುಮಾರೆಸ್ಟ್ ಕಾದಂಬರಿಗಳಿಂದ ಬಂದ ಈ ನಿದ್ರೆಗೆ ನಿಯಮಪುಸ್ತಕ ಒಂದು ಲಾಟರಿಯನ್ನೂ ಅಂಟಿಸಿದೆ. ಟಿಕೆಟ್ಟಿನ ದುಡ್ಡಿನಲ್ಲಿ ತಲಾ ಹತ್ತು ಕ್ರೆಡಿಟ್ ಒಟ್ಟು ಸೇರುತ್ತದೆ. ಎಷ್ಟು ಜನ ಏಳುತ್ತಾರೆಂದು ಮಲಗುವವರೇ ಊಹಿಸಬೇಕು. ಊಹೆ ಸರಿಯಿದ್ದವನೇ ಏಳದಿದ್ದರೆ ಹಣ ಕ್ಯಾಪ್ಟನ್ ಪಾಲು.