ಫ್ಲೋರೈಡ್ ಪೇಸ್ಟು ಬೇಕೋ ಬ್ಯಾಡೋ? ಮೊದಲು ನೀರಿನ ಕತಿ ಕೇಳ್ರಿ

ಈಗ ಅಂಗಡ್ಯಾಗ ಒಂದು ಪೇಸ್ಟಿನ ಮ್ಯಾಲೆ "ಫ್ಲೋರೈಡ್ ಐತಿ" ಅಂತ ದೊಡ್ಡ ಅಕ್ಷರದಾಗ ಬರದಿರ್ತಾರ, ಬಾಜೂಕಿಂದರ ಮ್ಯಾಲೆ "ಫ್ಲೋರೈಡ್ ಇಲ್ಲ" ಅಂತ ಅದಕ್ಕಿಂತ ದೊಡ್ಡ ಅಕ್ಷರದಾಗ. ಎರಡೂ ಹೆಮ್ಮೀಲೇ ಹೇಳ್ತಾವ. ಸಣ್ಣ ಮಕ್ಕಳಿರೋ ಮನಿಯವ್ರು ಯಾವುದು ತರಬೇಕ್ರೆವಾ? ಈ ಜಗಳದ ಬೇರು ಪೇಸ್ಟಿನಾಗ ಇಲ್ಲ, ನೀರಿನಾಗ ಐತಿ.

1901ರಾಗ ಫ್ರೆಡರಿಕ್ ಮೆಕೇ ಅನ್ನೋ ಹಲ್ಲಿನ ಡಾಕ್ಟರು ಅಮೆರಿಕಾದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ್ರು. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮ್ಯಾಲೆ ಕಂದು ಕಲಿ, ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಆದ್ರ ವಿಚಿತ್ರ ಅಂದ್ರ, ಆ ಕಲಿ ಇದ್ದ ಹಲ್ಲಿಗೆ ಹುಳುಕು ಹತ್ತೋದು ಕಡಿಮಿ. ಕಾರಣ ಸಿಗಾಕ 30 ವರ್ಷ ಹಿಡೀತು. ನಡುವೆ 1923ರಾಗ ಓಕ್ಲಿ ಅನ್ನೋ ಊರಿಗೆ ಹೋದಾಗ ಅಲ್ಲಿ ತಂದಿ-ತಾಯಿಗಳೇ ಸುಳುವು ಕೊಟ್ರು: ದೂರದ ಬಿಸಿನೀರಿನ ಬುಗ್ಗಿಯಿಂದ ಪೈಪ್ ಹಾಕಿ ನೀರು ತಂದ ಮ್ಯಾಲೇ ನಮ್ಮ ಮಕ್ಕಳ ಹಲ್ಲು ಹಿಂಗಾಗ್ಯಾವು ಅಂತ. ಡಾಕ್ಟರಿಗೆ ನೀರಿನ ಪರೀಕ್ಷೆಯೊಳಗ ಏನೂ ಸಿಗಲಿಲ್ಲ. ಆದ್ರೂ ಜನರ ಮಾತು ನಂಬಿ, ಆ ನೀರು ಬಿಡ್ರಿ ಅಂದ್ರು. ಕೆಲವು ವರ್ಷದಾಗ ಸಣ್ಣ ಮಕ್ಕಳಿಗೆ ಸ್ವಚ್ಛ ಹಲ್ಲು ಬಂದ್ವು. ನನಗ ಈ ಇಡೀ ಇತಿಹಾಸದಾಗ ಇದೇ ಭಾಗ ಭಾಳ ಸೇರ್ತದ.

ಕೊನಿಗೆ 1931ರಾಗ ಕಾರಣ ಹಿಡಿದವರು ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್. ತಮ್ಮ ಕಂಪನಿಯ ಗಣಿ ಊರಾಗೂ ಕಂದು ಹಲ್ಲು ಕಂಡಾಗ, ಜನ ಅಲ್ಯೂಮಿನಿಯಂ ಪಾತೇಲಿ ಮ್ಯಾಲೆ ಗೂಬಿ ಕೂಡಿಸ್ಯಾರು ಅಂತ ಅವರಿಗೆ ಚಿಂತಿ! ನೀರು ಪರೀಕ್ಷೆ ಮಾಡಿದ್ರ ಸಿಕ್ಕದ್ದು ಫ್ಲೋರೈಡ್. ಆಮ್ಯಾಲೆ ಡೀನ್ ಅನ್ನೋರು ಊರೂರು ಅಳದು, ಲೀಟರಿಗೆ 1 ಮಿಲಿಗ್ರಾಮಿನಷ್ಟಿದ್ರ ಕಲಿ ಬರಂಗಿಲ್ಲ, ಹುಳುಕೂ ಕಡಿಮಿ ಅಂತ ಲೆಕ್ಕ ಹಾಕಿದ್ರು. 1945ರ ಜನವರಿಯೊಳಗ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ನೀರಿಗೆ ಬೇಕಂತಲೇ ಫ್ಲೋರೈಡ್ ಕೂಡಿಸಿದ್ರು. ಸುಮಾರು ಹತ್ತು ವರ್ಷ ಕಳದ ಮ್ಯಾಲೆ ಪೇಸ್ಟಿನಾಗೂ ಬಂತು.

ಅಲ್ಲಿ ನೀರಿಗೆ ಹಾಕೋ ಸುದ್ದಿ, ನಮ್ಮ ಕಡೆ ತೆಗೆಯೋ ಸುದ್ದಿ. 1937ರಾಗನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮಿಯೊಳಗ ಈ ನೀರು ಕುಡಿದು ಬೆನ್ನು, ಕೀಲು ಬಿಗಿದು ಹೋದವರ ವಿಷಯ ವೈದ್ಯರು ಬರದಿದ್ರು. ನಮ್ಮ ಮುಂಡರಗಿ, ಅತ್ತ ಪಾವಗಡ, ಬಾಗೇಪಲ್ಲಿ ಕಡಿನೂ ಬೋರಿನ ನೀರಿಗೆ ಇದೇ ಕಾಟ. ಹಲ್ಲು ಹಳದಿ ಅಂತ ಹೆಣ್ಣು ನೋಡಾಕ ಬಂದವರು ಬಾಯಿ ನೋಡಿ ಸುಮ್ಮನ ಎದ್ದು ಹೋದ್ರ, ಆ ಹುಡುಗಿ ತಪ್ಪು ಏನು? ಅಕಿ ಕೂಸಿದ್ದಾಗ ಕುಡಿದ ನೀರು ಅದು.

ಮತ್ತ "ಅಜ್ಜಿ ಕಾಲದಾಗ ಪೇಸ್ಟೇ ಇರಲಿಲ್ಲ" ಅಂತೀರಿ. ಖರೇ. ಬೇವಿನ ಕಡ್ಡಿ, ಕುಳ್ಳಿನ ಬೂದಿ, ಇದ್ದಲಿ-ಉಪ್ಪು, ನಂಜನಗೂಡಿನ ಹಲ್ಲುಪುಡಿ ಇದ್ವು. ಬಿಸ್ಕೀಟು ಚಾಕ್ಲೇಟು ಇರಲಿಲ್ಲ, ಅದನ್ನ ಯಾರೂ ಹೇಳಂಗಿಲ್ಲ. ಬೂದಿ, ಇದ್ದಲಿ ದಿನಾ ತಿಕ್ಕಿದ್ರ ಹಲ್ಲಿನ ಮ್ಯಾಲಿನ ಹೊಳಪೂ ಸವೀತದ. ತಂಬಾಕು ಸುಟ್ಟ ಮಿಶ್ರಿ ಅಂತೂ ಮಾತಾಡೋದೇ ಬ್ಯಾಡ. ಹಲ್ಲುಪುಡಿ, ಪೇಸ್ಟಿನಾಗ ತಂಬಾಕು ಹಾಕಬಾರದು ಅಂತ 1992ರಾಗನ ಸರಕಾರ ನಿಷೇಧ ಹಾಕೇತಿ. ಇನ್ನೂ ತಿಕ್ಕೋರು ನಮ್ಮೊಳಗ ಅದಾರ, ಹೆಸರು ಹೇಳಂಗಿಲ್ಲ.

ಈಗ ಲೆಕ್ಕ ನೋಡ್ರಿ. ನಮ್ಮ ದೇಶದಾಗ ಪೇಸ್ಟಿನೊಳಗ ಫ್ಲೋರೈಡ್ 1000 ಪಿಪಿಎಂ ದಾಟಬಾರದು. ಅಂದ್ರ ಒಂದು ಗ್ರಾಂ ಪೇಸ್ಟಿನಾಗ 1 ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ. ಕೂಸು ಎರಡೂ ಹೊತ್ತು ಪೂರಾ ನುಂಗಿದ್ರೂ ಅರ್ಧ ಮಿಲಿಗ್ರಾಂ ಆತು. ಲೀಟರಿಗೆ 3 ಮಿಲಿಗ್ರಾಂ ಇರೋ ಬೋರಿನ ನೀರು ಒಂದು ಲೀಟರ್ ಕುಡಿದ್ರ 3 ಮಿಲಿಗ್ರಾಂ! ಪೇಸ್ಟು ಬದಲಿ ಮಾಡಿ ನೀರು ಹಂಗೇ ಬಿಟ್ರ ಏನು ಬಂತು?

ಕಲಿ ಬೀಳೋದು ಹಲ್ಲು ಒಸಡಿನೊಳಗ ತಯಾರಾಗೋವಾಗ, ಸುಮಾರು ಎಂಟು ವರ್ಷದ ತನಕ. ದೊಡ್ಡವರಿಗೆ ಪೇಸ್ಟಿನಿಂದ ಕಲಿ ಬರಂಗಿಲ್ಲ, ಹುಳುಕು ಮಾತ್ರ ತಡೀತದ. ಅದಕ್ಕ ನಾನು ಹೇಳೋದು: ನದಿ ನೀರು ಕುಡಿಯೋ ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಫ್ಲೋರೈಡ್ ಪೇಸ್ಟೇ ಇರಲಿ, ಸಣ್ಣವಕ್ಕ ಅಕ್ಕಿಕಾಳಿನಷ್ಟು, ಉಗುಳಾಕ ಬಂದ ಮ್ಯಾಲೆ ಬಟಾಣಿಯಷ್ಟು. ಜಾಹೀರಾತಿನ್ಯಾಗ ಬ್ರಷ್ ತುಂಬ ಹಾಕ್ತಾರಲ್ಲ, ಅದು ಅವರ ವ್ಯಾಪಾರ. ಫ್ಲೋರೈಡ್ ನೀರಿನ ಊರಾಗ, ಉಗುಳಾಕ ಬಾರದ ಕೂಸಿಗೆ ಇಲ್ಲದ್ದೇ ಸೈ. ಗಿಡಮೂಲಿಕಿ ಪೇಸ್ಟಿನಾಗ ಲವಂಗದ ವಾಸನಿ ಚಂದ, ಆದ್ರ ಹುಳುಕು ತಡಿಯೋದ್ರಾಗ ಫ್ಲೋರೈಡಿನ ಸಮ ಅಲ್ಲ.

ನೀರು ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರು ಬತ್ತಿ ಇನ್ನಷ್ಟು ಗಟ್ಟಿ ಆಗ್ತದ. ಆರ್‌ಓ ನೀರು, ಮಳಿ ನೀರು ಬ್ಯಾರೆ ಮಾತು. ಜಲ ಜೀವನ ಮಿಷನ್‌ನಾಗ ಊರಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಐತಿ. ನಿಮ್ಮೂರಾಗ ಆ ಐದು ಮಂದಿ ಯಾರು, ಪಂಚಾಯ್ತಿಗೆ ಹೋಗಿ ಕೇಳ್ರಿ. ಬೋರಿನ ನೀರು ಒಂದು ಬಾಟಲಿ ಕೈಯಾಗ ಹಿಡಕೊಂಡೇ ಹೋಗ್ರಿ.