ನಲ್ಲಿ ತಂದವರು ಯಾರು?

ಕಳೆದ ತಿಂಗಳು ನಮ್ಮ ಬಚ್ಚಲುಮನೆಯಲ್ಲಿ ನನಗೊಂದು ಸಣ್ಣ ಅವಮಾನ ಆಯಿತು.

ಶವರ್ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಂದು ನೋಡಿ, ಸಾಮಾನಿಗೆ ಇಷ್ಟು, ಕೂಲಿಗೆ ಇಷ್ಟು ಅಂತ ಬರೆದುಕೊಟ್ಟ. ಸಾಮಾನಿನ ಬೆಲೆ ನೋಡಿ ನನ್ನೊಳಗಿನ ಮೈಸೂರಿನವನು ಎದ್ದು ಕೂತ. ಅಂಥದ್ದೇ ಶವರ್ ನೆಟ್‌ನಲ್ಲಿ ಅರ್ಧ ಬೆಲೆಗಿತ್ತು. "ಸಾಮಾನು ನಾನೇ ತರ್ತೀನಿ, ನೀವು ಜೋಡಿಸಿಕೊಟ್ಟರೆ ಸಾಕು" ಅಂದೆ. ಆತ ಒಂದು ಕ್ಷಣ ಸುಮ್ಮನಿದ್ದು, "ಆಗಲಿ. ಆದರೆ ಸಾಮಾನಿಗೆ ನಾನು ಜವಾಬ್ದಾರನಲ್ಲ" ಅಂದ.

ಕೆಲಸದ ದಿನ ಆತ ಡಬ್ಬಿ ಬಿಚ್ಚಿದ. ಒಳಗಿದ್ದದ್ದು ಹೊರಗೆ ಕಾಣುವ ಹಿಡಿ, ತಟ್ಟೆ, ಶವರಿನ ತಲೆ ಅಷ್ಟೇ. ಬಿಸಿನೀರು, ತಣ್ಣೀರು ಬೆರೆಸುವ ವಾಲ್ವ್ ಗೋಡೆಯ ಒಳಗಿರುತ್ತದಂತೆ, ಅದನ್ನು ಬೇರೆಯೇ ಕೊಳ್ಳಬೇಕಂತೆ. ನಮ್ಮ ಗೋಡೆಯೊಳಗಿದ್ದ ವಾಲ್ವ್ ಬೇರೆ ಕಂಪನಿಯದು, ಅದಕ್ಕೆ ಇದು ಕೂರುವುದಿಲ್ಲ! ಪೇಟ, ಬಾಸಿಂಗ ಎಲ್ಲ ತಂದು ಮದುಮಗನನ್ನೇ ಮರೆತ ಹಾಗಾಯ್ತು ನನ್ನ ಕಥೆ. ಆತ ಬಂದುಹೋದ ಖರ್ಚು ತಗೊಂಡು ಹೊರಟ. ಉಳಿಸಬೇಕೆಂದಿದ್ದ ದುಡ್ಡಿಗಿಂತ ಹೆಚ್ಚೇ ಕೈಬಿಟ್ಟಿತು.

ಆ ಸಿಟ್ಟಿನಲ್ಲಿ ಕೂತು ಹುಡುಕತೊಡಗಿದೆ. ಬಚ್ಚಲಿನ ಸಾಮಾನನ್ನು ಪ್ಲಂಬರ್ ಮೂಲಕವೇ ಕೊಳ್ಳಬೇಕು ಅನ್ನುವ ಪದ್ಧತಿಯನ್ನು ಈ ಅಮೆರಿಕದಲ್ಲಿ ಯಾವ ಪುಣ್ಯಾತ್ಮ ಶುರು ಮಾಡಿದ? ಸಿಕ್ಕ ಕಥೆ ನಾನಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಈ ಸಾಮಾನಿನ ವ್ಯಾಪಾರದ ಜಗಳ 2 ಸಲ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದೆ. ಎರಡನೆಯ ಮೊಕದ್ದಮೆಗೆ ಹೆಸರು ಕೊಟ್ಟ ಊರು ಇಲ್ಲೇ ನ್ಯೂಜೆರ್ಸಿಯಲ್ಲಿ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ!

ಕಥೆ ಶುರುವಾಗುವುದು 1880ರ ದಶಕದಲ್ಲಿ. ಆಗ ಇಲ್ಲಿನ ನಗರಗಳ ಜನಕ್ಕೆ ಒಂದು ದೊಡ್ಡ ಭಯವಿತ್ತು: ಚರಂಡಿಯ ಗಾಳಿ. ಟೈಫಾಯ್ಡ್, ಡಿಫ್ತೀರಿಯಾ ಎಲ್ಲ ಆ ಗಾಳಿಯಿಂದಲೇ ಬರುತ್ತವೆ ಎಂದು ವಿದ್ಯಾವಂತರೂ ನಂಬಿದ್ದರು. (ತಪ್ಪು ನಂಬಿಕೆ. ರೋಗ ತರುತ್ತಿದ್ದದ್ದು ರೋಗಾಣು.) ಆ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಸಿಂಕಿನ ಕೆಳಗೆ ಬಗ್ಗಿದ ಕೊಳವೆಯಲ್ಲಿ ನಿಲ್ಲುವ ಒಂದಿಷ್ಟು ನೀರು. ಹಾಗಾಗಿ ಕೊಳಾಯಿ ಜೋಡಿಸುವವನ ಕೈಯಲ್ಲೇ ಮನೆಮಂದಿಯ ಪ್ರಾಣ ಇದ್ದಂತಾಯಿತು. 1881ರಲ್ಲಿ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್‌ನಲ್ಲಿ ಪ್ಲಂಬರುಗಳು ಹೆಸರು ನೋಂದಾಯಿಸಲೇಬೇಕು ಎಂಬ ಕಾನೂನು ಬಂತು.

ಪ್ಲಂಬರುಗಳಿಗೆ ಮರ್ಯಾದೆ ಹೆಚ್ಚಿತು, ಜೊತೆಗೇ ಒಂದು ಚಿಂತೆಯೂ ಶುರುವಾಯಿತು. ಕಾರ್ಖಾನೆಗಳಲ್ಲಿ ತಯಾರಾದ ತೊಟ್ಟಿ, ಸಿಂಕುಗಳನ್ನು ಮನೆಯ ಯಜಮಾನ ತಾನೇ ಕೊಂಡು ತಂದರೆ? ಸಾಮಾನಿನ ಮೇಲೆ ಸಿಗುತ್ತಿದ್ದ ಲಾಭ ಹೋಗುತ್ತದೆ, ಸೋರಿದರೆ ಬೈಗುಳ ಮಾತ್ರ ಉಳಿಯುತ್ತದೆ! 1883ರಲ್ಲಿ ಗುತ್ತಿಗೆ ಹಿಡಿಯುವ ಪ್ಲಂಬರುಗಳು ದೇಶಮಟ್ಟದ ಸಂಘ ಕಟ್ಟಿಕೊಂಡರು. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿ ನಿರ್ಣಯ ಮಾಡಿದರು: ಯಾವ ತಯಾರಕ ಅಥವಾ ವ್ಯಾಪಾರಿ ಗಿರಾಕಿಗೆ ನೇರವಾಗಿ ಮಾರುತ್ತಾನೋ ಅವನ ಹತ್ತಿರ ನಾವು ಕೊಳ್ಳುವುದಿಲ್ಲ. 'ಬಾಲ್ಟಿಮೋರ್ ನಿರ್ಣಯ' ಅಂತಲೇ ಅದು ಹೆಸರಾಯಿತು. ತಯಾರಕ, ಸಗಟು ವ್ಯಾಪಾರಿ, ಪ್ಲಂಬರ್, ಕೊನೆಗೆ ನಾವು... ಈ ಸಾಲು ಗಟ್ಟಿಯಾದದ್ದು ಹೀಗೆ.

ಪ್ಲಂಬರುಗಳು ಬಾಗಿಲು ಕಾಯುತ್ತಿದ್ದರೆ ತಯಾರಕರು ಸುಮ್ಮನಿರುತ್ತಾರೆಯೇ? ಎರಕದ ಕಬ್ಬಿಣದ ತೊಟ್ಟಿಯನ್ನು ಕೆಂಪಗೆ ಕಾಯಿಸಿ, ಅದರ ಮೇಲೆ ಗಾಜಿನಂಥ ಎನಾಮಲ್ ಪುಡಿಯನ್ನು ಜರಡಿಯಿಂದ ಉದುರಿಸುತ್ತಿದ್ದರು. ಆ ಜರಡಿಯ ಮೇಲೆ ಒಂದು ಪೇಟೆಂಟ್ ಇತ್ತು. 1910ರಲ್ಲಿ 16 ಕಂಪನಿಗಳು ಅದರ ಪರವಾನಗಿಯ ಹೆಸರಿನಲ್ಲಿ ಒಂದಾದವು. ದೇಶದ ಎನಾಮಲ್ ಸಾಮಾನಿನ ಸುಮಾರು 85% ಅವರ ಕೈಯಲ್ಲಿತ್ತು. ಸಗಟು ವ್ಯಾಪಾರಿ ಪ್ಲಂಬರಿಗೆ ಯಾವ ಬೆಲೆಗೆ ಮಾರಬೇಕು ಅನ್ನುವುದನ್ನೂ ಇವರೇ ಗೊತ್ತು ಮಾಡಿದರು. ಸ್ವಲ್ಪ ದೋಷವಿದ್ದ ಅಗ್ಗದ ಮಾಲು ಪೇಟೆಗೇ ಬರದ ಹಾಗೆ ಮಾಡಿದರು. ಪೇಟೆಂಟ್ ಇದ್ದದ್ದು ಜರಡಿಗೆ, ಬೀಗ ಬಿದ್ದದ್ದು ತೊಟ್ಟಿಗೆ! ಪೇಟೆಂಟ್ ಇದೆ ಅಂದಮಾತ್ರಕ್ಕೆ ಇಂಥ ಕೂಟ ಕಟ್ಟುವ ಹಾಗಿಲ್ಲ ಎಂದು 1912ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬುದ್ಧಿ ಬಂತೇ? ಇಲ್ಲ. ಈಗ ನಮ್ಮ ಪಕ್ಕದ ಟ್ರೆಂಟನ್ ಸರದಿ. ಡೆಲವೇರ್ ನದಿಯ ಸೇತುವೆಯ ಮೇಲೆ 'ಟ್ರೆಂಟನ್ ಮಾಡುತ್ತದೆ, ಜಗತ್ತು ಕೊಳ್ಳುತ್ತದೆ' ಎಂಬ ಅರ್ಥದ ದೊಡ್ಡ ಅಕ್ಷರಗಳು ಈಗಲೂ ಇವೆ. ಆ ಊರು ಮಾಡುತ್ತಿದ್ದವುಗಳಲ್ಲಿ ಪಿಂಗಾಣಿಯ ಕಮೋಡು, ಸಿಂಕುಗಳೂ ಇದ್ದವು. 23 ಪಿಂಗಾಣಿ ಕಂಪನಿಗಳ ಮೇಲೆ ಆರೋಪಗಳು 2: ಎಲ್ಲರೂ ಸೇರಿ ಬೆಲೆ ಗೊತ್ತು ಮಾಡಿಕೊಂಡದ್ದು, ಮತ್ತು ತಾವು 'ಯೋಗ್ಯ'ರೆಂದು ಕರೆದ ಸಗಟು ವ್ಯಾಪಾರಿಗಳಿಗೆ ಮಾತ್ರ ಮಾರಿದ್ದು. "ನಾವು ಗೊತ್ತು ಮಾಡಿದ ಬೆಲೆ ನ್ಯಾಯವಾದದ್ದೇ" ಎಂಬುದು ಅವರ ವಾದ. ಬೆಲೆ ನ್ಯಾಯವೋ ಅಲ್ಲವೋ ನಮಗೆ ಬೇಡ, ಸೇರಿಕೊಂಡು ಗೊತ್ತು ಮಾಡಿದ್ದೇ ತಪ್ಪು ಎಂದಿತು 1927ರ ತೀರ್ಪು. ಇವತ್ತು ನ್ಯಾಯವಾದ ಬೆಲೆ ನಾಳೆ ಅನ್ಯಾಯದ್ದಾಗಬಹುದಲ್ಲ! ಕಮೋಡಿನಿಂದ ಹುಟ್ಟಿದ ಈ ತೀರ್ಪನ್ನು ಇಲ್ಲಿನ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಅಷ್ಟರಲ್ಲಾಗಲೇ ಸಿಯರ್ಸ್ ಕಂಪನಿ ತನ್ನ ದಪ್ಪ ಕ್ಯಾಟಲಾಗಿನಲ್ಲಿ ತೊಟ್ಟಿ, ಸಿಂಕುಗಳನ್ನು ಸೇರಿಸಿ ಹಳ್ಳಿಹಳ್ಳಿಗೆ ಮಾರುತ್ತಿತ್ತು. 1979ರಲ್ಲಿ ಅಟ್ಲಾಂಟಾದಲ್ಲಿ ಹೋಮ್ ಡಿಪೋದ ಮೊದಲ ಅಂಗಡಿಗಳು ತೆರೆದವು. ಆಮೇಲೆ ನೆಟ್ ಬಂತು, ನಾನೂ ಬಂದೆ, ವಾಲ್ವ್ ಇಲ್ಲದ ಶವರೂ ಬಂತು :)

ಇಷ್ಟೆಲ್ಲ ಓದಿದ ಮೇಲೆ ಪ್ಲಂಬರ್ ಮೇಲಿನ ನನ್ನ ಸಿಟ್ಟು ಇಳಿಯಿತು. ಬಾಲ್ಟಿಮೋರಿನವರು ಬಾಗಿಲಿಗೆ ಬೀಗ ಹಾಕಿದ್ದು ತಪ್ಪು. ಆದರೆ ಅವರು ಕೇಳಿದ ಪ್ರಶ್ನೆ ಸುಳ್ಳಲ್ಲ. ನಲ್ಲಿ ಸೋರಿದರೆ ಹೊಣೆ ಯಾರದು? ಕೋರ್ಟು ಬೀಗ ಒಡೆಯಿತು, ನಮಗೆ ಕೊಳ್ಳುವ ಹಕ್ಕು ಬಂತು. ಹೊಣೆ ಅದರ ಜೊತೆಗೇ ನಮ್ಮ ಹೆಗಲಿಗೆ ಬಂದದ್ದನ್ನು ನಾನು ಗಮನಿಸಿರಲಿಲ್ಲ. ಆ ಪ್ಲಂಬರ್ ಸಾಮಾನಿನ ಮೇಲೆ ಹಾಕಿದ್ದ ಹೆಚ್ಚಿನ ದುಡ್ಡಿನಲ್ಲಿ ಸರಿಯಾದ ವಾಲ್ವ್ ತರುವ ತಿಳಿವಳಿಕೆ, ಸೋರಿದರೆ ಮತ್ತೆ ಬರುವ ಮಾತು ಎರಡೂ ಸೇರಿದ್ದವು.

ಭಾನುವಾರ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅಲ್ವೋ, ಅವನನ್ನ ಜೊತೆಗೇ ಅಂಗಡಿಗೆ ಕರ್ಕೊಂಡು ಹೋಗ್ಬೇಕಿತ್ತು ಕಣೋ" ಅಂದರು. ಮೈಸೂರಿನಲ್ಲಿ ಮನೆ ಕಟ್ಟಿಸುವಾಗ ಅವರು ಮಾಡಿದ್ದು ಅದನ್ನೇ. ಪ್ಲಂಬರ್ ಸ್ಕೂಟರಿನ ಹಿಂದೆ ಕೂರುತ್ತಿದ್ದ. ಆರಿಸುವುದು ಅವನು, ಚೌಕಾಸಿ ಮಾಡಿ ದುಡ್ಡು ಕೊಡುವುದು ಅಪ್ಪ. "ಅಂಗಡಿಯವನು ಅವನಿಗೆ ಏನಾದರೂ ಕೊಡ್ತಿರಲಿಲ್ವಾಪ್ಪಾ?" ಅಂದೆ. "ಕೊಡ್ತಿದ್ದ, ನಂಗೂ ಗೊತ್ತಿತ್ತು. ಆದ್ರೆ ರಾತ್ರಿ 10 ಗಂಟೆಗೆ ನಲ್ಲಿ ಕಿತ್ಕೊಂಡಾಗ ಬಂದೋನು ಅವನೇ ತಾನೇ?"

ನಾಳೆ ಪ್ಲಂಬರ್‌ಗೆ ಫೋನ್ ಮಾಡಬೇಕು. ಈ ಸಲ ಸಾಮಾನೂ ಅವನದೇ, ಬೆಲೆಪಟ್ಟಿ ಮಾತ್ರ ಮೊದಲೇ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಹೇಗೆ? ನಲ್ಲಿ ತಂದವರು ಯಾರು?