ಬಾಣಂತಿ ನಂಜು ಬಂದ ದಾರಿ

ಹೆರಿಗೆಯಾದ ಎರಡು ಮೂರು ದಿನಕ್ಕೆ ಚಳಿ ನಡುಕ, ಕೈ ಇಟ್ಟರೆ ಚೀರುವಷ್ಟು ಹೊಟ್ಟೆನೋವು, ಕೆಂಡದಂಥ ಮೈ. ವಾರ ತುಂಬುವಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಇರುತ್ತಿತ್ತು, ತಾಯಿ ಇರುತ್ತಿರಲಿಲ್ಲ. ನಾವು ಬಾಣಂತಿ ನಂಜು ಎನ್ನುವ ಈ ಜ್ವರಕ್ಕೆ ಯುರೋಪಿನ ವೈದ್ಯರು ಕೆಟ್ಟ ಗಾಳಿ, ಮೈಗೇರಿದ ಎದೆಹಾಲು, ಬಸುರಿಯ ಭಯ ಎಂದು ನಾನಾ ಕಾರಣ ಹೇಳುತ್ತ ಬಂದರು. ತಮ್ಮ ಕೈಯೇ ಕಾರಣವೆಂದು ಒಪ್ಪಲು ಬಹುಕಾಲ ಹಿಡಿಯಿತು. ಇದರ ಚರಿತ್ರೆಯನ್ನು ಆಂಟಿಬಯೋಟಿಕ್‌ಗಳ ಗೆಲುವಿನ ಕಥೆಯಾಗಿ ಹೇಳುವುದು ರೂಢಿ. ಆದರೆ ದಾಖಲೆಗಳು ಹೇಳುವುದು ಅಷ್ಟನ್ನೇ ಅಲ್ಲ. ನಂಜೇರಿದವಳನ್ನು ಔಷಧ ಉಳಿಸಿತು, ನಿಜ. ನಂಜು ಅವಳನ್ನು ಮುಟ್ಟದಂತೆ ಕಾಯುವ ಹೊಣೆ ಮಾತ್ರ ಅಂದಿಗೂ ಇಂದಿಗೂ ಹೆರಿಗೆ ಮಾಡಿಸುವವರದೇ.

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯ 1795ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೊಂದು ಪಟ್ಟಿ ಇದೆ. ಜ್ವರ ಬಂದ ಬಾಣಂತಿಯರು ಯಾರು, ಅವರಿಗೆ ಹೆರಿಗೆ ಮಾಡಿಸಿದವರು ಯಾರು ಎಂದು ಅಕ್ಕಪಕ್ಕದಲ್ಲೇ ನಮೂದು. ಕೆಲವೇ ಸೂಲಗಿತ್ತಿಯರ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಎಷ್ಟೋ ಹೆಂಗಸರಿಗೆ ಜ್ವರವನ್ನು ಹೊತ್ತೊಯ್ದವನು ತಾನೇ ಎಂದೂ ಆತ ಬರೆದುಕೊಂಡ. ಅಂಥ ಪ್ರಾಮಾಣಿಕತೆಗೆ ಊರಿನಿಂದ ಸಿಕ್ಕಿದ್ದು ಹಗೆ. ಅರ್ಧ ಶತಮಾನದ ಮೇಲೆ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು: ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11 ತಾಯಂದಿರು ಸತ್ತರೆ, ಎರಡನೆಯದರಲ್ಲಿ ಮೂವರೂ ಇಲ್ಲ. ಇದು ಬಸುರಿಯರಿಗೂ ಗೊತ್ತಿತ್ತು. ಮೊದಲ ವಿಭಾಗಕ್ಕೆ ಸೇರಿಸಬೇಡಿ ಎಂದು ಮಂಡಿಯೂರಿ ಬೇಡುತ್ತಿದ್ದರು. 1847ರಲ್ಲಿ ಅಲ್ಲಿನ ಪ್ರಾಧ್ಯಾಪಕ ಕೊಲೆಚ್ಕಾ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ ತೀರಿಕೊಂಡಾಗ, ಅವನ ಒಡಲಲ್ಲಿ ಕಂಡದ್ದು ಬಾಣಂತಿಯರ ಶವಗಳಲ್ಲಿ ಕಾಣುತ್ತಿದ್ದುದೇ. ಮೊದಲ ವಿಭಾಗದ ವೈದ್ಯನಾಗಿದ್ದ ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ದಾರಿ ಹೊಳೆದದ್ದು ಆಗ. ಆ ವಿಭಾಗದಲ್ಲಿ ಹೆಣ ಕೊಯ್ದ ಕೈ ನೇರವಾಗಿ ಹೆರಿಗೆ ಮಂಚಕ್ಕೆ ಬರುತ್ತಿತ್ತು. ಸೋಪು ಹಾಕಿ ತೊಳೆದರೂ ಅದರ ವಾಸನೆ ಹೋಗುತ್ತಿರಲಿಲ್ಲ. ಆತ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಟ್ಟ. 1848ರಲ್ಲಿ ಎರಡೂ ವಿಭಾಗಗಳಲ್ಲಿ ಸಾವು ನೂರಕ್ಕೆ ಸುಮಾರು 1.3. ಈ ಜ್ವರದ ರೋಗಾಣುವನ್ನು ಲೂಯಿ ಪಾಶ್ಚರ್ ಪ್ಯಾರಿಸ್ಸಿನಲ್ಲಿ ಕಪ್ಪುಹಲಗೆಯ ಮೇಲೆ ಸರಪಳಿಯಂತೆ ಬರೆದು ತೋರಿಸಿದ್ದು 1879ರಲ್ಲಿ.

ಹೊಣೆ ಹೆರಿಗೆ ಮಾಡಿಸುವವರದೇ ಎಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ. ಕೈ ತೊಳೆಯುವುದಷ್ಟೇ ಸಾಕಾಗಿದ್ದರೆ, 1930ರ ದಶಕದ ಆರಂಭದಲ್ಲೂ ಇಂಗ್ಲೆಂಡಿನಲ್ಲಿ ಸಾವಿರ ಹೆರಿಗೆಗೆ ನಾಲ್ವರು ತಾಯಂದಿರು ಯಾಕೆ ಸಾಯುತ್ತಿದ್ದರು? ಆ ಸಂಖ್ಯೆ ಇಳಿಯತೊಡಗಿದ್ದು ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಕಂಡುಹಿಡಿದ ಕೆಂಪು ಬಣ್ಣದ ಸಲ್ಫಾ ಔಷಧ ಪ್ರೊಂಟೊಸಿಲ್ ಬಂದ ಮೇಲೆಯೇ. ಲಂಡನ್ನಿನ ಕ್ವೀನ್ ಷಾರ್ಲೆಟ್ಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕ್ 1936ರಲ್ಲಿ ಅದನ್ನು ಕೊಟ್ಟ ಮೊದಲ 38 ಬಾಣಂತಿಯರಲ್ಲಿ ಸತ್ತವರು ಮೂವರು. ಹಿಂದಿನ ವರ್ಷಗಳಲ್ಲಿ ಐವರಲ್ಲಿ ಒಬ್ಬರು ಸಾಯುತ್ತಿದ್ದರು. ರೋಗಾಣುವಿನ ಉಗ್ರತೆಯೇ ಇಳಿದಿರಬಹುದೇ ಎಂಬ ಶಂಕೆ ಆತನಿಗೂ ಇತ್ತು. ಆದರೂ ಔಷಧದ ಪಾಲನ್ನು ತಳ್ಳಿಹಾಕುವಂತಿಲ್ಲ, ನಾನೂ ತಳ್ಳಿಹಾಕುವುದಿಲ್ಲ. ಆದರೆ ಅದೇ ಕೋಲ್‌ಬ್ರೂಕ್ ಹೆರಿಗೆ ಕೋಣೆಗೆ ಮಾಸ್ಕು, ಗ್ಲೌಸು, ಡೆಟಾಲ್ ಬೇಕೆಂದು ಹಟ ಹಿಡಿದವನೂ ಹೌದು. ಅವನ ತಂಗಿ, ವೈದ್ಯೆ ಡೋರಾ ಕೋಲ್‌ಬ್ರೂಕ್, ಈ ರೋಗಾಣು ಬಹಳ ಸಲ ಹೆರಿಗೆ ಮಾಡಿಸುವವರ ಮೂಗು, ಗಂಟಲಿನಿಂದಲೇ ಬರುತ್ತದೆಂದು ತೋರಿಸಿದಳು. ಕೈ ತೊಳೆಯುವುದು ಸೋತದ್ದು ಅದು ತಪ್ಪು ಉಪಾಯವಾದ್ದರಿಂದಲ್ಲ. ಅದು ಅರ್ಧ ಉಪಾಯ, ಆ ಅರ್ಧವೂ ಅರೆಮನಸ್ಸಿನಿಂದ ನಡೆಯುತ್ತಿತ್ತು.

ಔಷಧವೋ ಕಾವಲೋ ಎಂಬ ಈ ಪ್ರಶ್ನೆ ನಮ್ಮ ಬೆಳಗಾವಿಗೂ ಬಂದಿದೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರೂ ಸೇರಿ ಏಳು ದೇಶಗಳಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರಿದ್ದರು. ಸಹಜ ಹೆರಿಗೆಯ ನೋವಿನ ವೇಳೆ ಒಮ್ಮೆ 2 ಗ್ರಾಂ ಅಜಿತ್ರೊಮೈಸಿನ್ ನುಂಗಿದವರಲ್ಲಿ ತಾಯಿಗೆ ನಂಜೇರುವುದು ಅಥವಾ ಸಾವು ನೂರಕ್ಕೆ 1.6, ನುಂಗದವರಲ್ಲಿ 2.4. ಕೂಸುಗಳಿಗೆ ಪ್ರಯೋಜನ ಕಾಣಲಿಲ್ಲ. ಇಷ್ಟು ಅಗ್ಗದ ಔಷಧವನ್ನು ಎಲ್ಲರಿಗೂ ಯಾಕೆ ಕೊಡಬಾರದು ಎನ್ನುವವರ ಕಳಕಳಿ ನನಗೆ ಅರ್ಥವಾಗುತ್ತದೆ; ನಂಜು ಹೆಚ್ಚಿರುವ ಕಡೆ ಕೊಡಬೇಕಾದೀತು ಕೂಡ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ತರಬೇತಿಗೆ ಬಂದ ಆರೋಗ್ಯವಂತ ಹುಡುಗರಿಗೆಲ್ಲ ಸಲ್ಫಾ ಹಂಚಿತು. ಕೆಲವೇ ತಿಂಗಳಲ್ಲಿ ಆ ಔಷಧಕ್ಕೆ ಬಗ್ಗದ ಸ್ಟ್ರೆಪ್ಟೊಕಾಕಸ್ ಶಿಬಿರಗಳಲ್ಲಿ ಹರಡಿತು. ಬಾಣಂತಿಯರನ್ನು ಕೊಲ್ಲುತ್ತಿದ್ದುದು ಇದೇ ಬಗೆಯ ರೋಗಾಣು. ಆದ್ದರಿಂದ ಹೆರಿಗೆ ಆಸ್ಪತ್ರೆ ನಡೆಸುವವರಲ್ಲಿ ಕೇಳಿಕೊಳ್ಳುವುದಿಷ್ಟು: ಮಾತ್ರೆಯ ಡಬ್ಬಿ ತರಿಸುವ ಮೊದಲು ಹೆರಿಗೆ ಕೋಣೆಯ ನಲ್ಲಿಯಲ್ಲಿ ನಡುರಾತ್ರಿಯೂ ನೀರು ಬರುತ್ತದೆಯೇ, ಪಕ್ಕದಲ್ಲಿ ಸೋಪು ಇದೆಯೇ, ಒಂದು ಹೆರಿಗೆ ಮುಗಿಸಿದ ದಾದಿಗೆ ಮುಂದಿನದಕ್ಕೆ ಕೈ ತೊಳೆಯುವಷ್ಟು ಪುರಸೊತ್ತು ಸಿಗುತ್ತದೆಯೇ, ನೋಡಿ.